ಪವಿತ್ರ ಗುರುವಾರಕ್ಕೆ ನನ್ನ ಪಾದಸಿದ್ಧತೆ

ಯೇಸುಸ್ವಾಮಿಯ ಶಿಷ್ಯನಾಗಿ ಒಂದು ಸಂಜೆ ಕುರ್ಚಿಯಲ್ಲಿ ಕೂರಲು ನನಗೆ ತಗುಲಿದ ಖರ್ಚು, ಎರಡು ಪಾದಗಳ ಚರ್ಮ. ಕಾರಣ ಇಷ್ಟೇ: ಒಂದರ ಬೆಲೆಗೆ ಎರಡು ಸಿಗುತ್ತದೆಂದರೆ ಬೇಡವೆನ್ನುವ ಗುಣ ನನ್ನಲ್ಲಿಲ್ಲ.

ವಸಂತಪುರದಲ್ಲಿ ನನ್ನದು ನಲ್ಲಿ, ಪೈಪುಗಳ ಅಂಗಡಿ. ತಳ್ಳುಗಾಡಿಯಿಂದ ಶುರು ಮಾಡಿ, ರೂಪಾಯಿ ರೂಪಾಯಿಗೂ ವಾದ ಮಾಡಿ ಮೇಲೆ ಬಂದವನು. ಹಾಗಾಗಿ ಚರ್ಚಿನಲ್ಲಿ ನನಗೆ ಚೌಕಾಸಿ ಚೌರಪ್ಪ ಎಂಬ ಬಿರುದಿದೆ. ಮೇಣದಬತ್ತಿಗೂ ರೇಟು ಇಳಿಸಿದೆ ಎಂಬುದು ಆರೋಪ. ಡಜನ್‌ಗಟ್ಟಲೆ ಕೊಂಡಿದ್ದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದಲ್ಲಿ ಆ ಹೆಸರು ಕಳೆದುಕೊಂಡು ಹೊಸ ಮನುಷ್ಯನಾಗಲು ತೀರ್ಮಾನಿಸಿದೆ. ಅದೇ ಹೊತ್ತಿಗೆ ಫಾದರ್ ಕರೆದರು. ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ, ಪವಿತ್ರ ಗುರುವಾರ ಫಾದರ್ ಚರ್ಚಿನ ಹನ್ನೆರಡು ಜನರನ್ನು ಕೂರಿಸಿ ಪಾದ ತೊಳೆಯುತ್ತಾರೆ.

“ಈ ಸಲ ನೀವೂ ಕೂತ್ಕೊಳ್ಳಿ ಚೌರಪ್ಪ.”

“ಏನೇನು ತರ್ಬೇಕು ಫಾದರ್?”

“ಕಾಲು.”

ಮನೆಗೆ ಬಂದು ಕಾಲುಗಳನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಅಂಗಡಿಯ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತೂ ನಿಂತೂ ಹಿಮ್ಮಡಿ ಬಿರಿದಿತ್ತು. ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲಿಸಬಹುದಿತ್ತು. ಇದನ್ನು ಎಲ್ಲರೆದುರು ಫಾದರ್ ಕೈಗಿಡುವುದೇ?

ಪವಿತ್ರ ಗುರುವಾರಕ್ಕೆ ನಾಲ್ಕು ದಿನ ಮುಂಚೆ, ಗರಿಗಳ ಭಾನುವಾರ ಪೂಜೆ ಮುಗಿಸಿ ನೇರ ಜಯನಗರಕ್ಕೆ ಹೋದೆ. ಫೋರ್ತ್ ಬ್ಲಾಕಿನ ಕ್ರೀಮು, ಪೌಡರಿನ ಅಂಗಡಿಯ ಹುಡುಗಿ ಪ್ಲಾಸ್ಟಿಕ್ಕಿನ ಕಾಲುಚೀಲ ತೋರಿಸಿದಳು. ಒಳಗೆ ಏನೋ ಲೋಳೆ.

“ಒಂದು ಗಂಟೆ ಹಾಕ್ಕೊಳ್ಳಿ ಅಂಕಲ್. ಹಳೇ ಚರ್ಮ ಎಲ್ಲ ಹೋಗಿ ಮಗು ಕಾಲಿನ ಥರ ಆಗುತ್ತೆ.”

ಯಾವಾಗ ಹೋಗುತ್ತದೆ ಎಂದು ಕೇಳಬೇಕಿತ್ತು. ಎರಡು ಜೊತೆ ತೆಗೆದುಕೊಂಡರೆ ಎಷ್ಟು ಎಂದು ಕೇಳಿದೆ.

ಒಂದರ ಬೆಲೆಗೆ ಎರಡು ಗಿಟ್ಟಿಸಿದೆ. ಗಿಟ್ಟಿಸಿದ್ದನ್ನು ದಂಡ ಮಾಡುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ. ಅದೇ ಮಧ್ಯಾಹ್ನ ಒಂದರ ಹಿಂದೆ ಇನ್ನೊಂದು ಹಾಕಿಕೊಂಡೆ.

ಸೋಮವಾರ ಏನೂ ಆಗಲಿಲ್ಲ. ಮಂಗಳವಾರವೂ ಇಲ್ಲ. ಮೋಸ ಹೋದೆನೆಂದು ಚಡಪಡಿಸಿದೆ. ಬುಧವಾರ ತುರಿಕೆ ಹತ್ತಿತು. ಗಿರಾಕಿಗೆ ನಲ್ಲಿ ತೋರಿಸುತ್ತ, ಕೌಂಟರಿನ ಹಿಂದೆ ಕಾಲಿಗೆ ಕಾಲು ಉಜ್ಜುತ್ತ ನಿಂತೆ. ಗುರುವಾರ ಬೆಳಿಗ್ಗೆ ಹಳೆ ಗೋಡೆಯ ಸುಣ್ಣದಂತೆ ಪಾದ ಚಕ್ಕೆ ಚಕ್ಕೆಯಾಗಿ ಏಳತೊಡಗಿತು.

ನನ್ನ ಹೆಂಡತಿ ಫಿಲೋಮಿನ ಪೊಟ್ಟಣ ಓದಿದಳು. “ರೀ, ನಾಕನೇ ದಿನದಿಂದ ಸುಲಿಯುತ್ತೆ, ವಾರ ಪೂರ್ತಿ ಇರುತ್ತೆ ಅಂತ ಬರ್ದಿದೆ.”

“ಇವತ್ತೊಂದಿನ ನಿಲ್ಸೋಕೆ ಏನಾದ್ರೂ ಬರ್ದಿದ್ಯಾ?”

“ಹೊಸ ಮನುಷ್ಯ ಆಗ್ತೀನಿ ಅಂದ್ರಲ್ಲ, ಮನಸ್ಸಿಂದ ಶುರು ಮಾಡ್ತೀರೇನೋ ಅನ್ಕೊಂಡಿದ್ದೆ.”

“ಬರೋಕಾಗಲ್ಲ ಅಂತ ಫಾದರ್‌ಗೆ ಫೋನ್ ಮಾಡ್ಬಿಡ್ಲಾ?”

“ಮಾಡಿ. ಚೌಕಾಸಿ ಕೊನೇ ಗಳಿಗೇಲಿ ಕೈ ಕೊಟ್ಟ ಅಂತಾರೆ.”

ಹೋದೆ.

ಸಂಜೆ ಕಾಲುಚೀಲದೊಳಗೆ ಅವಮಾನವನ್ನು ಬಚ್ಚಿಟ್ಟುಕೊಂಡು ಪೀಠದ ಮುಂದೆ ಕುಳಿತೆ. ಫಾದರ್ ದೀನತೆಯ ಬಗ್ಗೆ ಪ್ರಸಂಗ ಮಾಡಿದರು. ತುರಿಕೆಯಲ್ಲಿ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಆಮೇಲೆ ಒಬ್ಬೊಬ್ಬರ ಬಲಗಾಲು ತೊಳೆಯುತ್ತ ಬಂದರು. ಬಲಗಾಲು ಮಾತ್ರ! ಪ್ರತಿ ವರ್ಷ ಕಡೆಯ ಬೆಂಚಿನಲ್ಲಿ ಕೂರುವ ನನಗೆ ಇದು ಆಗಲೇ ಗೊತ್ತಾದದ್ದು. ಪಕ್ಕದವರ ಪಾದಗಳೆಲ್ಲ ಬೆಳಗಿದ ತಟ್ಟೆಯಂತಿದ್ದವು.

ನನ್ನ ಸರದಿ ಬಂತು. ಕಾಲುಚೀಲ ಎಳೆದೆ. ಅರ್ಧ ಹಿಮ್ಮಡಿ ಅದರ ಜೊತೆಗೇ ಬಂತು. ನೀರು ಹಾಕಲು ಫಾದರ್ ಬಗ್ಗಿದರು. ನಾನೂ ಬಗ್ಗಿ ಪಿಸುಗುಟ್ಟಿದೆ.

“ಫಾದರ್, ಎಡಗಾಲು ಸ್ವಲ್ಪ ವಾಸಿ. ಅದನ್ನೇ ತಗೊಳ್ಳಿ.”

ಅವರ ಅಂಗಿಗೆ ಮೈಕು ಸಿಕ್ಕಿಸಿತ್ತು.

“ಇಲ್ಲೂ ಚೌಕಾಸಿನಾ ಚೌರಪ್ಪ? ಕೊಡಿ ಕಾಲು,” ಅಂದರು. ಅದೂ ಮೈಕಿನಲ್ಲೇ.

ಇಡೀ ಚರ್ಚು ನಕ್ಕಿತು. ಫಾದರ್ ನಗಲಿಲ್ಲ. ಕೈಗೆ ಅಂಟಿದ ಪೊರೆಗಳನ್ನು ಬೋಗುಣಿಗೆ ಬಿಡುತ್ತ, ನಿಧಾನವಾಗಿ ತೊಳೆದು, ಒರೆಸಿ, ಆ ಪಾದಕ್ಕೇ ಮುತ್ತಿಟ್ಟರು. ನಾನು ತುರಿಕೆ ಮರೆತು ಕುಳಿತುಬಿಟ್ಟೆ. ಎದುರಿಗೆ ಒಬ್ಬರು ಕೊಡುತ್ತಿದ್ದಾರೆ, ನನಗೆ ಕೇಳಲು ಏನೂ ತೋಚುತ್ತಿಲ್ಲ. ವ್ಯಾಪಾರದಲ್ಲಿ ಹೀಗೆ ಯಾವತ್ತೂ ಆಗಿರಲಿಲ್ಲ.

ಪೂಜೆ ಮುಗಿದ ಮೇಲೆ ಕ್ಷಮೆ ಕೇಳಲು ಹೋದೆ.

“ಉಳಿದ ಹನ್ನೊಂದು ಜನ ಮನೇಲೇ ತೊಳ್ಕೊಂಡು ಬಂದಿದ್ರು,” ಅಂದರು ಫಾದರ್. “ನನಗೆ ಕೆಲಸ ಸಿಕ್ಕಿದ್ದು ನಿಮ್ಮ ಹತ್ರ ಮಾತ್ರ.”

ಫಾದರ್ ಹೊಗಳಿದರೆಂದು ಫಿಲೋಮಿನಳಿಗೆ ಹೇಳಿದೆ. “ಆ ನೀರು ಚೆಲ್ಲೋಕೆ ಹೋದೋರ್ನೂ ಒಂದ್ಮಾತು ಕೇಳಿ,” ಅಂದಳು.

ಆದ್ದರಿಂದ ಓದುಗರಿಗೆ ನನ್ನ ಸಲಹೆ. ಯಾರಾದರೂ ನಿಮ್ಮ ಕಾಲು ತೊಳೆಯುತ್ತೇನೆಂದರೆ ಇರುವ ಕಾಲನ್ನೇ ಚಾಚಿ. ರಿಪೇರಿ ಮಾಡಿಸಿಕೊಂಡು ಹೋಗಬೇಡಿ. ಮಾಡಿಸಲೇಬೇಕೆಂದರೆ ಪೊಟ್ಟಣದ ಹಿಂಬದಿ ಓದಿ. ಗುಟ್ಟು ಹೇಳುವ ಮೊದಲು ಮೈಕು ಎಲ್ಲಿದೆ ನೋಡಿ. ಸದ್ಯಕ್ಕೆ ಇಷ್ಟು ಸಾಕು. ನನ್ನ ಎಡಗಾಲು ಇನ್ನೂ ಸುಲಿಯುತ್ತಿದೆ, ಅದನ್ನು ತೊಳೆಯಲು ಯಾರೂ ಮುಂದೆ ಬಂದಿಲ್ಲ.