ಚಿತ್ರ ಪೂರ್ತಿಯಾದ ಮೇಲೆ

ಮೂವತ್ತಮೂರು ವರ್ಷ ಡ್ರಾಯಿಂಗ್ ಮಾಸ್ಟ್ರಾಗಿ ಸಂಬಳ ಪಡೆದ ನಮ್ಮ ಚಿಕ್ಕಪ್ಪನಿಗೆ ಗೋಡೆಗೆ ಬಣ್ಣ ಹಚ್ಚಲು ಬರುವುದಿಲ್ಲ. ಇದು ನನ್ನೊಬ್ಬನ ಅಭಿಪ್ರಾಯವಲ್ಲ; ನಮ್ಮ ಕುಟುಂಬದ ನಾಗಬನ ಜೀರ್ಣೋದ್ಧಾರ ಸಮಿತಿಯು ಸರ್ವಾನುಮತದಿಂದ ಕಂಡುಕೊಂಡ ಸತ್ಯ. ಆ ಸಮಿತಿಯ ಕಾರ್ಯದರ್ಶಿ ನಾನೇ ಆದ್ದರಿಂದ ಸಹಿ ಹಾಕಿ ಹೇಳಬಲ್ಲೆ. ತಾಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ಸಹಿ ಇಲ್ಲದೆ ಯಾವ ಮಾತನ್ನಾದರೂ ಆಡುವುದುಂಟೆ?

ಚಿಕ್ಕಪ್ಪನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಮರಗಳದ್ದು ಮರೆತುಹೋಗುವುದಿಲ್ಲ. ಹೆಣ್ಣು ನೋಡಲು ಹೋದ ದಿನವೇ ಅವರು ಅಂಗಳದ ಮೂಲೆಯ ಹಲಸಿನ ಮರಕ್ಕೆ ಮುಖ ಮಾಡಿ ಕುಳಿತು, ಕೊಟ್ಟ ಉಪ್ಪಿಟ್ಟು ತಿಂದು, "ಒಪ್ಪಿಗೆ ಉಂಟು" ಎಂದು ಎದ್ದು ಬಂದವರು.

"ನನ್ನನ್ನು ಒಪ್ಪಿದ್ದೋ ಹಲಸನ್ನು ಒಪ್ಪಿದ್ದೋ ಅಂತ ಇವತ್ತಿಗೂ ಗೊತ್ತಿಲ್ಲ," ಎನ್ನುತ್ತಾರೆ ಚಿಕ್ಕಮ್ಮ. "ಆ ಮರ ಗಾಳಿಗೆ ಬಿದ್ದಾಗ ಇವರು ಎರಡು ದಿನ ಊಟ ಬಿಟ್ಟಿದ್ರು. ನನಗೆ ಟೈಫಾಯ್ಡ್ ಬಂದಾಗ ಎರಡು ಸಲ ಸಾರು ಹಾಕಿಸ್ಕೊಂಡು ಉಂಡಿದ್ದಾರೆ."

ಯಾವ ಮರದ ಚಿತ್ರ ಬರೆಯುವುದಿದ್ದರೂ ಮೊದಲು ಮೂರು ದಿನ ಅದರ ಎದುರು ಸುಮ್ಮನೆ ಕೂರುವುದು ಅವರ ಕ್ರಮ. ಕೇಳಿದರೆ, "ಪರಿಚಯ ಆಗದೆ ಹೇಗೆ ಬರೆಯುದು ಮಾರಾಯ?" ಎಂದು ನಮಗೇ ಪ್ರಶ್ನೆ.

ಇಂಥವರ ಕೈಗೆ ನಾವು ನಾಗಬನವನ್ನು ಒಪ್ಪಿಸಿದ ಬಗೆಯನ್ನು ಹೇಳುತ್ತೇನೆ. ಕಡಬದಿಂದ ನೆಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮ ಬನ. ಒಂಬತ್ತು ಮರಗಳು. ನಡುವೆ ರೆಂಜೆ, ಅದರ ಬುಡದಲ್ಲಿ ನಾಗನ ಕಲ್ಲು. ಸುತ್ತ ಹಾಲೆ, ಬೈನೆ, ಹೆಬ್ಬಲಸು, ಒಂದರ ಹೆಗಲ ಮೇಲೆ ಒಂದು ಕೈ ಹಾಕಿದಂತೆ ಬಳ್ಳಿಗಳು. ನಡುಮಧ್ಯಾಹ್ನ ಹೋದರೂ ಒಳಗೆ ಸಂಜೆ. ಅಲ್ಲಿಂದ ಒಂದು ಒಣಕಡ್ಡಿಯನ್ನೂ ಒಲೆಗೆ ತರಬಾರದೆಂಬುದು ಹಿರಿಯರ ಕಟ್ಟು. ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದ ನನ್ನ ಅಜ್ಜಿ ಕೂಡ ಅದನ್ನು ಮುರಿದವಳಲ್ಲ.

ಹೀಗಿರುವಾಗ ಪಕ್ಕದ ಗ್ರಾಮದ ಒಂದು ಕುಟುಂಬದವರು ತಮ್ಮ ಬನದ ಮರಗಳನ್ನು ಪ್ರಾರ್ಥನೆಪೂರ್ವಕ ಕಡಿದು, ಗ್ರಾನೈಟ್ ಹಾಸಿ, ಸ್ಟೀಲಿನ ಬೇಲಿ ಹಾಕಿ ಜೀರ್ಣೋದ್ಧಾರ ಮಾಡಿದರು. ಪ್ರತಿಷ್ಠೆ ಬಿರುಬೇಸಿಗೆಯ ಹನ್ನೆರಡು ಗಂಟೆಗೆ. ಬರಿಗಾಲಿನ ಭಟ್ಟರು ಕಾದ ಗ್ರಾನೈಟಿನ ಮೇಲೆ ನಿಂತು ಮಂತ್ರ ಹೇಳಬೇಕಾಯಿತು. ಅಷ್ಟು ವೇಗದ ಮಂತ್ರವನ್ನು ನಾನು ನನ್ನ ಜೀವಮಾನದಲ್ಲಿ ಕೇಳಿಲ್ಲ. ಮರುವರ್ಷ ತಗಡಿನ ಚಪ್ಪರ ಬಂತು. ಅದರ ಮರುವರ್ಷ ತಗಡಿನ ಕಾವಿಗೆ ಹಸಿರು ನೆರಳುಬಲೆ ಬಂತು. ಪುಕ್ಕಟೆ ನೆರಳನ್ನು ಕಡಿದು ಪೇಟೆಯಿಂದ ನೆರಳು ತಂದವರು ಅವರು. ಇದನ್ನು ನೋಡಿ ನಮಗೆ ಬುದ್ಧಿ ಬರಬೇಕಿತ್ತಲ್ಲವೇ? ಬಂದದ್ದು ಹುರುಪು. ನಾವು ಹಿಂದೆ ಬೀಳಬಾರದೆಂದು ಸಮಿತಿಯಾಯಿತು. ನನ್ನ ದೊಡ್ಡಪ್ಪನ ಮಗ, ನಾವೆಲ್ಲ ದೊಡ್ಡಣ್ಣ ಎನ್ನುವವನು, ಅಧ್ಯಕ್ಷನಾದ. ಮುಚ್ಚಿಡುವುದೇಕೆ, ಗ್ರಾನೈಟ್ ನನಗೂ ಇಷ್ಟವಿತ್ತು. ಮೊಣಕಾಲು ನೋವಿನವನಿಗೆ ಬೇರುಗಳ ಮೇಲೆ ಎಡವುವುದು ಪುಣ್ಯಕಾರ್ಯವೆನಿಸುವುದಿಲ್ಲ.

ಮೊದಲ ಸಭೆಯಲ್ಲಿ ದೊಡ್ಡಣ್ಣ ಪೀಠಿಕೆ ಹಾಕಿದ. "ನಾಗನಿಗೂ ಒಂದು ವ್ಯವಸ್ಥೆ ಬೇಡ್ವಾ? ಎಷ್ಟು ವರ್ಷ ಅಂತ ಕಾಡಲ್ಲಿ ಕೂರಿಸುದು?"

"ಮರ ಇಲ್ಲದಿದ್ರೆ ಬನ ಅಂತ ಹೇಗೆ ಹೇಳುದು?" ಎಂದು ಹಿಂದಿನ ಸಾಲಿನಿಂದ ಚಿಕ್ಕಮ್ಮ ಕೇಳಿದರು.

"ಅದಕ್ಕೂ ಆಲೋಚನೆ ಮಾಡಿದ್ದೇನೆ. ಸುತ್ತ ಗೋಡೆ ಕಟ್ಟುವ. ಈ ಒಂಬತ್ತು ಮರಗಳನ್ನೇ ಇದ್ದ ಹಾಗೆ ಗೋಡೆಯಲ್ಲಿ ಬರೆಸುವ. ಎಲೆ ಬೀಳುದಿಲ್ಲ, ಗುಡಿಸುದೂ ಬೇಡ. ಮನೆಯಲ್ಲೇ ಡ್ರಾಯಿಂಗ್ ಮಾಸ್ಟ್ರು ಇರುವಾಗ ಹೊರಗಿನವರು ಯಾಕೆ?"

ಎಲ್ಲರೂ ಚಿಕ್ಕಪ್ಪನತ್ತ ನೋಡಿದರು. ಈಗ ಸಿಡಿಯುತ್ತಾರೆ ಎಂದು ನಾನು ಪೆನ್ನಿನ ಮುಚ್ಚಳ ಹಾಕಿಬಿಟ್ಟೆ. ಅವರು ಎಲೆಯಡಿಕೆ ಉಗಿದು ಬಂದು, "ಆಯ್ತು, ಬರೀತೇನೆ," ಎಂದರು. "ಆದ್ರೆ ಮರ ನೋಡಿಯೇ ಬರೀಬೇಕು. ಚಿತ್ರ ಪೂರ್ತಿಯಾದ ಮೇಲೆ ಮರ ತೆಗೀರಿ. ಅಷ್ಟು ಬರ್ಕೊ."

"ಫೋಟೋ ತೆಗ್ದು ಕೊಡುವ ಚಿಕ್ಕಪ್ಪ," ಎಂದ ದೊಡ್ಡಣ್ಣ.

"ಫೋಟೋ ನೋಡಿ ಬರೆದ್ರೆ ಅದು ಫೋಟೋದ ಚಿತ್ರ. ನಾಗನಿಗೆ ಗೊತ್ತಾಗುದಿಲ್ಲ ಅಂತ ಮಾಡಿದ್ಯಾ?"

ಸಭೆ ತಲೆದೂಗಿತು. "ಚಿತ್ರವು ಪೂರ್ತಿಯಾದ ಮೇಲೆ ಮರಗಳನ್ನು ತೆಗೆಯತಕ್ಕದ್ದು" ಎಂದು ನನ್ನ ಕೈಯಾರೆ ಬರೆದೆ. ಎಲ್ಲರೂ ಸಹಿ ಹಾಕಿದರು. ಇದು ಐದು ವರ್ಷದ ಹಿಂದಿನ ಮಾತು.

ಗೋಡೆ ಎದ್ದಿತು, ಸುಣ್ಣ ಬಿತ್ತು. ದೊಡ್ಡಣ್ಣ ಪುತ್ತೂರಿನಿಂದ ಪೇಂಟಿನ ಡಬ್ಬಿಗಳನ್ನು ತಂದಿಳಿಸಿದ. ಚಿಕ್ಕಪ್ಪ ಮುಚ್ಚಳ ತೆರೆದು ಮೂಸಿ ಮುಚ್ಚಿದರು. "ಈ ವಾಸನೆಗೆ ನಾಗ ಬನ ಬಿಟ್ಟು ಹೋದ್ರೆ ನೀನು ಹಿಡ್ಕೊಂಡು ಬರ್ತಿಯಾ?" ದೊಡ್ಡಣ್ಣ ಡಬ್ಬಿಗಳನ್ನು ಮತ್ತೆ ಗಾಡಿಗೇರಿಸಿದ. ಬಣ್ಣದ ಕಾರ್ಖಾನೆ ಚಿಕ್ಕಮ್ಮನ ಅಡುಗೆಮನೆಯಲ್ಲಿ ಶುರುವಾಯಿತು. ಕೆಮ್ಮಣ್ಣು, ಅರಸಿನ, ತೆಂಗಿನ ಗೆರಟೆ ಸುಟ್ಟ ಮಸಿ, ಬಸಳೆ ಹಣ್ಣಿನ ರಸ, ಹೆಸರೇ ಗೊತ್ತಿಲ್ಲದ ಏಳೆಂಟು ಬಗೆಯ ಸೊಪ್ಪು. "ಸಾರಿಗೆ ಅರಸಿನ ಎಲ್ಲಿ ಅಂತ ಕೇಳಿದ್ರೆ, ಹಾಲೆ ಮರದ ಮೂರನೇ ಕೊಂಬೆಯಲ್ಲಿ ಉಂಟು ಅಂತಾರೆ," ಎಂದು ಚಿಕ್ಕಮ್ಮ ಸಮಿತಿಗೆ ಮೌಖಿಕ ದೂರು ಕೊಟ್ಟರು. ನಾನು ದಾಖಲಿಸಿಕೊಂಡೆ.

ಆದರೆ ಚಿತ್ರ! ಆ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ನಾವೆಲ್ಲ ಕಾಫಿ ಕುಡಿದದ್ದೇ ಗೋಡೆಯ ಕಡೆಗೆ ಓಡುತ್ತಿದ್ದೆವು. ನಿನ್ನೆ ಬರಿದಾಗಿದ್ದ ಕಡೆ ಇವತ್ತು ಕೊಂಬೆ, ಕೊಂಬೆಯಲ್ಲಿ ಚಗಳಿಯ ಗೂಡು, ಗೂಡಿನಿಂದ ಇಳಿಯುವ ಇರುವೆ ಸಾಲು. ದೊಡ್ಡಣ್ಣನ ಹೆಂಡತಿ ಒಂದು ದಿನ ಗೋಡೆಗೆ ಒರಗಲು ಹೋಗಿ ಚಗಳಿ ಕಚ್ಚೀತೆಂದು ಹಾರಿ ನಿಂತರು. ಪತ್ತನಾಜೆಯ ಹೊತ್ತಿಗೆ, ಅಂದರೆ ನಮ್ಮ ಕಡೆ ಯಕ್ಷಗಾನದ ಆಟ, ಭೂತಕೋಲ ಎಲ್ಲ ಮುಗಿದು ಜನ ಮಳೆಗೆ ಕಾಯತೊಡಗುವ ಹೊತ್ತಿಗೆ, ಎಂಟು ಮರಗಳಾಗಿದ್ದವು. ಬಾಕಿ ರೆಂಜೆ ಒಂದೇ.

ಆಗ ಮಳೆ ಹಿಡಿಯಿತು. ಎಂಟೂ ಮರಗಳು ಮೂರು ದಿನದಲ್ಲಿ ಹಸಿರು ನೀರಾಗಿ, ಕೆಂಪು ನೀರಾಗಿ ತೋಡಿಗೆ ಇಳಿದವು. ಚಿಕ್ಕಪ್ಪ ಕೊಡೆ ಹಿಡಿದು ನೋಡುತ್ತ ನಿಂತಿದ್ದರು. "ಹೋಯ್ತು," ಎಂದರು. "ಇನ್ನು ದೀಪಾವಳಿ ಕಳೆದು ಶುರು ಮಾಡುವ."

ಎರಡನೇ ವರ್ಷವೂ ಹೀಗೆಯೇ. ಮೂರನೇ ವರ್ಷವೂ. ಬಣ್ಣಕ್ಕೆ ಅಂಟು ಸಾಲಲಿಲ್ಲ, ಸುಣ್ಣ ಒಣಗಿರಲಿಲ್ಲ, ಮಳೆ ಬೇಗ ಬಂತು: ಚಿಕ್ಕಪ್ಪನ ಸಮಜಾಯಿಷಿಗಳನ್ನು ನಾನು ಕ್ರಮಸಂಖ್ಯೆ ಹಾಕಿ ಬರೆದೆ. ದೊಡ್ಡಣ್ಣ ಮುಂಗಡವಾಗಿ ತಂದು ಬನದಲ್ಲಿ ಪೇರಿಸಿದ ಗ್ರಾನೈಟಿಗೆ ಪಾಚಿ ಹಿಡಿಯಿತು. ಒಂದು ದಿನ ಅದರ ಸಂದಿನಲ್ಲಿ ಹಾವಿನ ಪೊರೆ ಸಿಕ್ಕಿತು.

"ನೋಡಿ, ನಾಗನಿಗೇ ಗ್ರಾನೈಟ್ ಒಪ್ಪಿಗೆಯಾಗಿದೆ," ಎಂದ ದೊಡ್ಡಣ್ಣ.

"ಅಡಿಯಲ್ಲಿ ಮಲಗ್ಲಿಕ್ಕೆ," ಎಂದರು ಚಿಕ್ಕಪ್ಪ.

ನಾನು ಆರಂಭದಲ್ಲೇ ಹೇಳಿದ ಸತ್ಯವನ್ನು ಸಮಿತಿ ನಾಲ್ಕನೇ ವರ್ಷ ಕಂಡುಕೊಂಡಿತು: ಮಾಸ್ಟ್ರಿಗೆ ಬಣ್ಣ ಹಚ್ಚಲು ಬರುವುದಿಲ್ಲ.

ಆ ವರ್ಷವೇ ನಾನು ಮೊಮ್ಮಗಳ ಹಾಡಿನ ಸ್ಪರ್ಧೆಗೆಂದು ಉಪ್ಪಿನಂಗಡಿ ಕಡೆಯ ಒಂದು ಶಾಲೆಗೆ ಹೋದೆ. ಹೊಳೆಬದಿಯ ಶಾಲೆ. ಜಗಲಿಯ ಗೋಡೆಯಲ್ಲಿ ಆಳೆತ್ತರದ ನವಿಲು, ನಿನ್ನೆ ಬರೆದಂತೆ ಹೊಳೆಯುತ್ತಿತ್ತು. ನಾನು ನೋಡುತ್ತಿದ್ದುದನ್ನು ಕಂಡು ಬಿಸಿಯೂಟದ ಅಕ್ಕ ಸೌಟು ಹಿಡಿದುಕೊಂಡೇ ಬಂದರು.

"ಅದು ನಾನು ಇಲ್ಲಿ ಮೂರನೇ ಕ್ಲಾಸಲ್ಲಿ ಇರುವಾಗ ನಮ್ಮ ಮಾಸ್ಟ್ರು ಸೊಪ್ಪು, ಮಣ್ಣು ಅರೆದು ಬರೆದದ್ದು. ನೆರೆ ಬಂದು ಕಿಟಕಿವರೆಗೆ ನೀರು ನಿಂತಿತ್ತು ಮಾರಾಯ್ರೆ. ಗೋಡೆಯ ಸುಣ್ಣ ಹೋಯ್ತು, ನವಿಲು ಹೋಗ್ಲಿಲ್ಲ."

ಬಗ್ಗಿ ನೋಡಿದೆ. ನವಿಲಿನ ಕಾಲ ಬಳಿ ಚಿಕ್ಕಪ್ಪನ ಸಹಿ.

ಸಹಿಯ ಬೆಲೆ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಬಸ್ಸಿನಲ್ಲಿ ಕೂತು ಬರುವಾಗ ನನಗೆ ನಗು, ಸಿಟ್ಟು, ನಾಚಿಕೆ ಒಟ್ಟೊಟ್ಟಿಗೆ ಬಂದವು. ಇಳಿದವನೇ ನೇರ ಚಿಕ್ಕಪ್ಪನ ಮನೆಗೆ ಹೋದೆ.

"ಉಪ್ಪಿನಂಗಡಿಗೆ ಹೋಗಿದ್ದೆ. ನವಿಲು ನೋಡಿದೆ."

ಅವರು ಸೊಪ್ಪು ಅರೆಯುವುದನ್ನು ನಿಲ್ಲಿಸಿದರು. "ಹೇಗುಂಟು?"

"ಹಾಗೇ ಉಂಟು."

"ಹ್ಞೂಂ. ಕೊಕ್ಕು ಸ್ವಲ್ಪ ದೊಡ್ಡದಾಗಿತ್ತು," ಎಂದು ಮತ್ತೆ ಅರೆಯತೊಡಗಿದರು. ನಾನೂ ಮುಂದೆ ಕೇಳಲಿಲ್ಲ. ಸಮಿತಿಗೆ ವರದಿ ಮಾಡಲೂ ಇಲ್ಲ. ನನ್ನ ಸೇವಾವಧಿಯಲ್ಲಿ ನಾನು ಅದುಮಿಟ್ಟ ಏಕೈಕ ಕಡತ ಅದು.

ಈ ವರ್ಷ ದೊಡ್ಡಣ್ಣ ಬುದ್ಧಿವಂತನಾದ. ಎಂಟು ಮರಗಳಾಗಿ, ಒಂಬತ್ತನೆಯದಾದ ರೆಂಜೆಯೂ ಅರ್ಧ ಮೇಲೇರಿದ್ದಾಗ ಚಿಕ್ಕಪ್ಪ ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡರು. ಮರುದಿನವೇ ಅವನು ಅಡಿಕೆ ಮುಚ್ಚುವ ಟರ್ಪಾಲು ತರಿಸಿ ಇಡೀ ಗೋಡೆಗೆ ಹೊದಿಸಿ ಬಿಗಿದು ಕಟ್ಟಿಸಿದ. "ಈ ಸಲ ಮಳೆ ಏನು ಮಾಡ್ತದೆ ನೋಡುವ. ಬಾಕಿ ಅರ್ಧ ಮರ ಪುತ್ತೂರಿನ ಫ್ಲೆಕ್ಸಿನವನಿಂದ ಬರೆಸಿದ್ರಾಯ್ತು. ದೀಪಾವಳಿ ಕಳೆದ ಕೂಡಲೇ ಮರಕ್ಕೆ ಕೈ ಹಾಕುವ."

ಮಳೆ ಬಿಡದ ಆಟಿ ತಿಂಗಳ ಒಂದು ಮಧ್ಯಾಹ್ನ ಚಿಕ್ಕಪ್ಪನನ್ನು ನೋಡಲು ಹೋದೆ. ಕೈಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. "ಗೋಡೆ ಹೇಗುಂಟು?" ಎಂದರು.

"ಟರ್ಪಾಲು ಗಟ್ಟಿ ಉಂಟು ಚಿಕ್ಕಪ್ಪ."

ಐದು ವರ್ಷದಲ್ಲಿ ಮೊದಲ ಸಲ ಅವರ ಬಳಿ ಸಮಜಾಯಿಷಿ ಇರಲಿಲ್ಲ. ಮೆಲ್ಲನೆ ಆ ಬದಿಗೆ ಹೊರಳಿ ಮಲಗಿದರು.

ಮುಂದಿನದನ್ನು ಬರೆಯಲು ನನಗೆ ಹೆದರಿಕೆಯಿಲ್ಲ; ದೊಡ್ಡಣ್ಣನಿಗೆ ಓದುವ ಅಭ್ಯಾಸವಿಲ್ಲ. ಮರುದಿನ ಎಲ್ಲರೂ ಒಂದು ತಿಥಿಯ ಊಟಕ್ಕೆ ಹೋಗಿದ್ದಾಗ ನಾನು ಮೊಣಕಾಲು ನೋವೆಂದು ಉಳಿದೆ. ಆ ನೋವು ಹೊತ್ತುಕೊಂಡೇ ಬನಕ್ಕೆ ಹೋದೆ. ಟರ್ಪಾಲಿನ ಹಗ್ಗ ಬಿಚ್ಚಿದೆ. ಪಕ್ಕದ ತೋಡಿನಿಂದ ಕೊಡಪಾನದಲ್ಲಿ ನೀರು ತಂದು ಹೊಯ್ದೆ. ಎಷ್ಟು ಕೊಡವೆಂದು ಲೆಕ್ಕ ತಪ್ಪಿತು. ಹಾಲೆ ಹೋಯಿತು, ಬೈನೆ ಹೋಯಿತು, ಚಗಳಿಯ ಗೂಡು ಹೋಯಿತು. ಬಿಡದ ಕಡೆ ಅಂಗೈಯಿಂದ ಉಜ್ಜಿದೆ. ಮತ್ತೆ ಟರ್ಪಾಲು ಬಿಗಿದು ಕಟ್ಟಿದೆ. ಮುಂದಿನ ಸಭೆಯ ವರದಿಯನ್ನು ಈಗಲೇ ಬರೆದಿಟ್ಟಿದ್ದೇನೆ: "ಟರ್ಪಾಲಿನೊಳಗಿನ ತೇವಾಂಶದಿಂದಾಗಿ ಚಿತ್ರವು ಹೋಗಿದ್ದು, ಮೂಲ ನಿರ್ಣಯದಂತೆ ಮರಗಳು ಇದ್ದಲ್ಲಿಯೇ ಇರತಕ್ಕದ್ದು."

ಒದ್ದೆ ಬಟ್ಟೆಯಲ್ಲೇ ಚಿಕ್ಕಪ್ಪನ ಬಳಿ ಹೋಗಿ ನಿಂತೆ. "ಈ ಸಲವೂ ಹೋಯ್ತು," ಎಂದೆ.

"ಟರ್ಪಾಲಿನ ಒಳಗೆ ಮಳೆ ಬಂತಾ?"

"ಬಂತು."

ಅವರು ಎಡಗೈ ಚಾಚಿ ನನ್ನ ಕೈ ಹಿಡಿದುಕೊಂಡರು. ಅಂಗೈ ತಿರುಗಿಸಿ, ಉಗುರು ಸಂದಿಯ ಹಸಿರನ್ನು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ಬಿಡಲಿಲ್ಲ.

"ರೆಂಜೆಯ ಎಲೆ ಈ ವರ್ಷ ಸರಿ ಬಂದಿತ್ತು," ಎಂದರು. "ನೋಡಿದ್ಯಾ?"

ನೋಡಿದ್ದೆ. ಮೊದಲ ಕೊಡ ಹೊಯ್ಯುವ ಮೊದಲು, ಊಟದ ಹೊತ್ತು ಮೀರುವವರೆಗೆ, ಅದರ ಎದುರು ಸುಮ್ಮನೆ ಕೂತಿದ್ದೆ.