ಗುರು-ಶಿಷ್ಯರ ಮೂರು ನಿಮಿಷ

ಶಾಲಾ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಕುಸ್ತಿ ಮೇಷ್ಟ್ರ ಮನೆಗೆ ಬಂದು ಒಂದು ವಾರವಾಗಿತ್ತು. ಬಂದ ದಿನವೇ ಅವರ ಹೆಂಡತಿ ಅದನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದರು. ಉತ್ಸವದ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ಓಡಾಡುತ್ತಿದ್ದ ಮೇಷ್ಟ್ರು ಮೇಜಿಗೆ ಎಡವಿದರು, ಪತ್ರಿಕೆ ಜಾರಿ ಹೊರಗೆ ಬಂತು, ಅದನ್ನು ಮತ್ತೆ ತುರುಕಲು ಬಗ್ಗಿದಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ‘ಗುರು-ಶಿಷ್ಯರ ಕುಸ್ತಿ. ಮೂರು ನಿಮಿಷ.’

ಮೇಷ್ಟ್ರು ಬಾಯಲ್ಲಿದ್ದ ನೊರೆಯನ್ನೆಲ್ಲ ನುಂಗಿಬಿಟ್ಟರು.

ಶಿಷ್ಯ ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಹತ್ತು ವರ್ಷದ ಕೆಳಗೆ ಇದೇ ಶಾಲೆಯಲ್ಲಿ ಅವರ ಕೈಕೆಳಗೆ ಕಲಿತು, ಈಗ ದೇಶಕ್ಕೇ ಚಾಂಪಿಯನ್ ಆಗಿದ್ದ ಹುಡುಗ. ಊರಲ್ಲಿ ಅವನ ಹೆಸರು ಹೇಳುವವರೇ ಇಲ್ಲ, ಎಲ್ಲರಿಗೂ ಅವನು ಪೈಲ್ವಾನ. ಬಾಗಿಲಲ್ಲಿ ಬರುವಾಗ ಸ್ವಲ್ಪ ಓರೆಯಾಗಿ ಬರುತ್ತಾನೆ, ನೇರವಾಗಿ ಬಂದರೆ ಚೌಕಟ್ಟು ಸಾಲುವುದಿಲ್ಲ.

ಮೇಷ್ಟ್ರು ಹೆದರಲು ಪೈಲ್ವಾನನ ಗಾತ್ರವೊಂದೇ ಕಾರಣವಲ್ಲ. ಇಪ್ಪತ್ತಾರು ವರ್ಷದಿಂದ ಅವರು ಮುಚ್ಚಿಟ್ಟುಕೊಂಡು ಬಂದ ಒಂದು ಗುಟ್ಟಿತ್ತು. ಅವರು ಬದುಕಿನಲ್ಲಿ ಒಂದು ಸಲವೂ ಕುಸ್ತಿ ಆಡಿರಲಿಲ್ಲ.

ಅವರು ಶಾಲೆಗೆ ಬಂದದ್ದು ಭೂಗೋಳ ಪಾಠ ಮಾಡುವ ಕೆಲಸ ಕೇಳಿಕೊಂಡು. ಸೋದರಮಾವನ ಹಿಟ್ಟಿನ ಗಿರಣಿಯಲ್ಲಿ ಐದು ವರ್ಷ ಮೂಟೆ ಹೊತ್ತು ಕುತ್ತಿಗೆ ಕಂಬದ ಹಾಗಾಗಿತ್ತು. ಆಗಿನ ಹೆಡ್‌ಮಾಸ್ಟರು ಅರ್ಜಿ ಓದುವುದು ಬಿಟ್ಟು ಆ ಕುತ್ತಿಗೆಯನ್ನೇ ನೋಡಿದರು. ಭೂಗೋಳಕ್ಕೆ ಜನ ಇದ್ದಾರೆ, ಕುಸ್ತಿ ಕಲಿಸಲು ಬರುತ್ತದೆಯೇ ಎಂದು ಕೇಳಿದರು. ಮುಂದಿನ ತಿಂಗಳು ಮದುವೆ ಗೊತ್ತಾಗಿತ್ತು. ಕೆಲಸವಿಲ್ಲದ ಗಂಡಿಗೆ ಹೆಣ್ಣು ಕೊಡುವುದಿಲ್ಲವೆಂದು ಆ ಕಡೆಯವರು ಖಡಾಖಂಡಿತವಾಗಿ ಹೇಳಿದ್ದರು. ಕಂಬದಂಥ ಕುತ್ತಿಗೆ ತಾನಾಗಿಯೇ ಆಡಿ ಹೂಂ ಎಂದಿತು.

ಆಮೇಲೆ ಲೈಬ್ರರಿಯಿಂದ ಚಿತ್ರಗಳಿದ್ದ ಒಂದು ಹಳೆಯ ಪುಸ್ತಕ ತಂದು, ಪ್ರತಿದಿನ ಹುಡುಗರಿಗಿಂತ ಒಂದು ಪುಟ ಮುಂದೆ ಓದಿಕೊಂಡರು. ಪಟ್ಟು ತೋರಿಸಬೇಕಾದಾಗ ಇಬ್ಬರು ಹುಡುಗರನ್ನು ಕರೆದು ನಿಲ್ಲಿಸಿ, ತಾವು ಮ್ಯಾಟಿನ ಅಂಚಿನಲ್ಲೇ ನಿಂತು ಕೂಗಿ ಹೇಳಿದರು. ಆದರೆ ಅವರಿಗೊಂದು ಕಣ್ಣಿತ್ತು. ಯಾವ ಹುಡುಗನ ಯಾವ ಕಾಲು ಜಾರಲಿದೆ ಎಂಬುದು ಆ ಕಾಲಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ‘ಎಡಗಾಲು’ ಎಂದು ಅವರು ಗುಡುಗಿದರೆ ಹುಡುಗನ ಎಡಗಾಲು ಅವನ ಅಪ್ಪಣೆಗೂ ಕಾಯದೆ ಜಾಗ ಬದಲಿಸುತ್ತಿತ್ತು. ಹಾಗೇ ಕಪಾಟು ತುಂಬ ಕಪ್ಪುಗಳು ಬಂದವು. ಗುಟ್ಟು ಗೊತ್ತಿದ್ದದ್ದು ಹೆಂಡತಿಗೊಬ್ಬರಿಗೇ.

“ಇಪ್ಪತ್ತಾರು ವರ್ಷ ಯಾರ ಮೈನೂ ಮುಟ್ಟದೆ ಕುಸ್ತಿ ಕಲಿಸಿದ್ದೀರಿ,” ಎಂದರು ಆಕೆ, ಪತ್ರಿಕೆಯನ್ನು ಇಸಿದುಕೊಂಡು ಮತ್ತೆ ಮೇಜಿನ ಕಾಲಿಗೆ ಕೊಡುತ್ತ. “ಇನ್ನು ಮೂರು ನಿಮಿಷ ತಾನೇ. ಕಣ್ಣು ಮುಚ್ಕೊಂಡಿದ್ರೆ ಆಗೋಗುತ್ತೆ ಬಿಡ್ರಿ.”

ಕಣ್ಣು ಮುಚ್ಚಿದರೆ ಮತ್ತೆ ತೆರೆಯುವ ಭರವಸೆ ಮೇಷ್ಟ್ರಿಗಿರಲಿಲ್ಲ. ದಾರಿಯುದ್ದಕ್ಕೂ ಯೋಚಿಸಿ, ಸ್ಟಾಫ್‌ರೂಮಿನ ಬಾಗಿಲಿಗೆ ಬರುತ್ತಲೇ ಸೊಂಟಕ್ಕೆ ಕೈ ಕೊಟ್ಟು ನರಳಿದರು. ಸೊಂಟ ಹಿಡಿದುಕೊಂಡಿದೆ, ಇವತ್ತು ಆಡಲಾಗುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಸಾರಿದರು.

ಕೇಳಿಸಿಕೊಂಡವರಲ್ಲಿ ವಿಜ್ಞಾನದ ಮೇಡಂ ಇದ್ದದ್ದೇ ತಪ್ಪಾಯಿತು. ಅವರು ಹಿಂದಿನ ತಿಂಗಳಷ್ಟೇ ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿ, ಯಾರಿಗಾದರೂ ಏನಾದರೂ ಆಗಲಿ ಎಂದು ಕಾಯುತ್ತಿದ್ದರು. ಎರಡು ಬೆಂಚು ಜೋಡಿಸಿ ಮೇಷ್ಟ್ರನ್ನು ಬೋರಲು ಮಲಗಿಸಿದರು. ಕುದಿಯುವ ನೀರು ತುಂಬಿದ ರಬ್ಬರ್ ಚೀಲವನ್ನು ಸೊಂಟದ ಮೇಲಿಟ್ಟು, ಅದು ಜಾರದಿರಲೆಂದು ಮೇಲೆ ಎರಡು ನಿಘಂಟು ಹೇರಿದರು. ಚೀಲದ ಮುಚ್ಚಳ ಸಡಿಲವಿತ್ತು. ಮೊದಲ ಹನಿ ಬಿದ್ದ ಕ್ಷಣದಲ್ಲಿ ಮೇಷ್ಟ್ರು ನಿಘಂಟುಗಳ ಸಮೇತ ಬೆಂಚಿನಿಂದ ಹಾರಿ, ಹಾಜರಿ ಪುಸ್ತಕದ ಕಪಾಟಿನ ತನಕ ಹೋಗಿ ನಿಂತರು. ಕಾದ ಬಾಣಲೆಗೆ ಬಿದ್ದ ಸಾಸಿವೆಯೂ ಅಷ್ಟು ಚುರುಕಾಗಿ ಸಿಡಿಯುವುದಿಲ್ಲ. ಮೇಡಂ ಗಡಿಯಾರ ನೋಡಿ, ನಾಲ್ಕೇ ನಿಮಿಷದಲ್ಲಿ ಗುಣವಾಯಿತೆಂದು ಎಲ್ಲರಿಗೂ ಹೇಳಿದರು. ನಾಲ್ಕು ಜನ ಬಂದು ಮೇಡಂ ಅವರ ಕೈಕುಲುಕಿದರು.

ಬೆಂದ ಸೊಂಟ ಹಿಡಿದು ಮೇಷ್ಟ್ರು ನೇರ ಹೆಡ್‌ಮಿಸ್ ಕೋಣೆಗೆ ಹೋದರು. ಈ ವಯಸ್ಸಿನಲ್ಲಿ ತಾನು, ಆ ಹುಡುಗ, ಏನಾದರೂ ಹೆಚ್ಚುಕಡಿಮೆಯಾದರೆ ಎಂದು ತೊದಲಿದರು. ಅವರ ಚಿಂತೆ ಪೈಲ್ವಾನನ ಬಗ್ಗೆ ಎಂದುಕೊಂಡು ಹೆಡ್‌ಮಿಸ್ ಸಮಾಧಾನ ಹೇಳಿದರು.

“ಅವನೇ ಕೇಳ್ಕೊಂಡಿದ್ದು ಮೇಷ್ಟ್ರೇ. ಆಡಿದ್ರೆ ನಮ್ಮ ಸರ್ ಜೊತೇನೇ ಆಡ್ತೀನಿ ಅಂತ ಪತ್ರ ಬರೆದಿದ್ದಾನೆ. ಅವನು ಹೇಗಿದ್ದಾನೆ ಅಂತ ನೋಡೋಕೆ ದೇಶದ ತಂಡದ ಆಯ್ಕೆ ಸಮಿತಿಯ ಹಿರಿಯರೊಬ್ಬರೂ ಬರ್ತಿದ್ದಾರೆ. ಈಗ ಹೇಗೆ ಬೇಡ ಅನ್ನೋದು?”

ಉಳಿದದ್ದು ಹಿಂದಿನ ಗೇಟು. ಮೇಷ್ಟ್ರು ಗೋಡೆಗೆ ಅಂಟಿಕೊಂಡು ಅಲ್ಲಿಗೆ ಹೋದರೆ, ಡ್ರಾಯಿಂಗ್ ಮೇಷ್ಟ್ರು ಅದೇ ಗೇಟಿಗೆ ಹದಿನೈದು ಅಡಿಯ ಬ್ಯಾನರ್ ಕಟ್ಟುತ್ತಿದ್ದರು. ಅದರ ಮೇಲೆ ಕುಸ್ತಿ ಮೇಷ್ಟ್ರೇ ಇದ್ದರು. ತೋಳುಗಳು ಹಲಸಿನ ಹಣ್ಣಿನ ಗಾತ್ರ, ಹೊಟ್ಟೆಯ ಜಾಗದಲ್ಲಿ ಆರು ಇಟ್ಟಿಗೆ ಜೋಡಿಸಿದಂತೆ ಗಂಟುಗಳು. ಮೂಗು ಸರಿಯಾಗಿ ಬಂದಿಲ್ಲ, ಒಂದರ್ಧ ಗಂಟೆ ಎದುರಿಗೆ ನಿಂತಿರಿ ಎಂದು ಅವರು ಗೋಗರೆದರು. ಹತ್ತು ನಿಮಿಷದಲ್ಲಿ ಇಡೀ ಒಂಬತ್ತನೇ ತರಗತಿ ಬಂದು ಮೇಷ್ಟ್ರನ್ನೂ ಬ್ಯಾನರನ್ನೂ ಹೋಲಿಸಿ ನೋಡತೊಡಗಿತು. ಓಡಿಹೋಗುವ ಮಾತು ಅಲ್ಲಿಗೆ ಮುಗಿಯಿತು.

ಮೂರು ಗಂಟೆಗೆ ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ ಅವರಿಗೆ ಕುಸ್ತಿಯ ಉಡುಪು ಕೊಟ್ಟರು. ಇದ್ದದ್ದರಲ್ಲಿ ದೊಡ್ಡದು ಹತ್ತನೇ ತರಗತಿಯದು. ತೊಟ್ಟು ನಿಂತರೆ ದೊಡ್ಡ ದಿಂಬಿಗೆ ಚಿಕ್ಕ ಗವಸು ಹಾಕಿದಂತಿತ್ತು. ಅಷ್ಟರಲ್ಲಿ ಪೈಲ್ವಾನ ಓರೆಯಾಗಿ ಒಳಗೆ ಬಂದು, ಕಾಲು ಮುಟ್ಟಿ ನಮಸ್ಕಾರ ಮಾಡಿ, ಬಾಗಿಲು ಹಾಕಿದ.

ಮೇಷ್ಟ್ರಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಚೆಂಡಿನ ಬುಟ್ಟಿಯ ಮೇಲೆ ಕುಸಿದು ಕೂತು, ಗಿರಣಿಯಿಂದ ಹಿಡಿದು ಪುಸ್ತಕದ ತನಕ ಎಲ್ಲವನ್ನೂ ಹೇಳಿಬಿಟ್ಟರು. ತನ್ನನ್ನು ಗುರು ಎಂದುಕೊಂಡಿದ್ದವನ ಮುಖ ನೋಡುವ ಧೈರ್ಯ ಸಾಲದೆ ಅವನ ಬೂಟನ್ನೇ ನೋಡುತ್ತ ಹೇಳಿದರು.

“ಗೊತ್ತು ಸರ್,” ಎಂದ ಪೈಲ್ವಾನ. “ಎಂಟನೇ ಕ್ಲಾಸಲ್ಲೇ ಗೊತ್ತಾಗಿತ್ತು. ಒಂದಿನ ನೀವು ಪುಸ್ತಕ ತಲೆಕೆಳಗೆ ಹಿಡ್ಕೊಂಡು ಹೇಳಿಕೊಟ್ರಿ. ನಾವೂ ಹಾಗೇ ಕಲಿತ್ವಿ. ಆ ಪಟ್ಟು ಇವತ್ತಿಗೂ ನನಗೆ ಬಿಟ್ರೆ ಯಾರಿಗೂ ಬರಲ್ಲ.”

ಮೇಷ್ಟ್ರು ತಲೆ ಎತ್ತಿದರು. ಗೊತ್ತಿದ್ದೂ ಯಾಕೆ ಈ ಕುಸ್ತಿ ಕೇಳಿಕೊಂಡೆ ಎಂದರು.

ಪೈಲ್ವಾನ ಪ್ಯಾಂಟನ್ನು ಮೇಲಕ್ಕೆ ಸರಿಸಿದ. ಎಡ ಮಂಡಿ ಕುಂಬಳಕಾಯಿಯಂತೆ ಊದಿತ್ತು. ಪೆಟ್ಟಾಗಿ ಹದಿನೈದು ದಿನವಾಯಿತಂತೆ. ಆಯ್ಕೆ ಸಮಿತಿಗೆ ತಿಳಿದರೆ ತಂಡದಿಂದ ತೆಗೆದುಹಾಕುತ್ತಾರೆ. ಮ್ಯಾಟಿನ ಮೇಲೆ ಇಳಿಯದಿದ್ದರೂ ಅನುಮಾನ ಬರುತ್ತದೆ. “ಈ ಕಾಲಿಟ್ಕೊಂಡು ನಾನು ಗೆಲ್ಲಬಹುದಾದವರು ದೇಶದಲ್ಲಿ ನೀವೊಬ್ಬರೇ ಸರ್,” ಎಂದು ಅವನು ಅಂಗಲಾಚಿದ.

ಬೆಳಗಿನಿಂದ ಮೊದಲ ಸಲ ಮೇಷ್ಟ್ರು ನೆಮ್ಮದಿಯಾಗಿ ಉಸಿರಾಡಿದರು. ಇಬ್ಬರೂ ಮಾತಾಡಿಕೊಂಡರು: ಎರಡೂವರೆ ನಿಮಿಷ ಹೆಗಲು ಹಿಡಿದು ನಿಲ್ಲುವುದು, ಆಮೇಲೆ ಮೇಷ್ಟ್ರು ಮೆಲ್ಲಗೆ ಅಂಗಾತ ಮಲಗುವುದು. ಚಾಂಪಿಯನ್ ಶಿಷ್ಯನಿಗೆ ಸೋತರೆ ಗುರುವಿಗೆ ಹೆಮ್ಮೆಯಲ್ಲದೆ ಅವಮಾನವೇನಿಲ್ಲ.

ಊತ ಕಾಣದಂತೆ ಪೈಲ್ವಾನ ಎರಡೂ ಮಂಡಿಗೆ ಪಟ್ಟಿ ಬಿಗಿದುಕೊಂಡು ಮ್ಯಾಟಿಗಿಳಿದ. ಎರಡೂವರೆ ನಿಮಿಷ ಎಲ್ಲವೂ ಮಾತಿನಂತೆ ನಡೆಯಿತು. ಬಹಳ ದಿನದ ಮೇಲೆ ಸಿಕ್ಕ ನೆಂಟರಂತೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಿಂತರು. ಜನ ಉಸಿರು ಬಿಗಿಹಿಡಿದು ನೋಡಿದರು. ಎಂಥ ಸೂಕ್ಷ್ಮದ ಪಟ್ಟು, ನೋಡುವವರಿಗೆ ಕಾಣುವುದೇ ಇಲ್ಲ ಎಂದು ಮುಂದಿನ ಸಾಲಿನಲ್ಲಿ ಯಾರೋ ವಿವರಿಸುತ್ತಿದ್ದದ್ದು ಮೇಷ್ಟ್ರಿಗೂ ಕೇಳಿಸಿತು. ಇನ್ನು ಮಲಗಬೇಕು ಎನ್ನುವಾಗ ಅವರ ಕಣ್ಣು ಅಭ್ಯಾಸಬಲದಿಂದ ಕೆಳಗೆ ಹೋಯಿತು. ಹುಡುಗ ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ ನಿಂತಿದ್ದ. ಮಹಾ ತಪ್ಪು. ಇಪ್ಪತ್ತಾರು ವರ್ಷ ಇಂಥ ತಪ್ಪನ್ನು ಕಂಡು ಸುಮ್ಮನಿದ್ದವರಲ್ಲ ಅವರು.

“ಎಡಗಾಲು!” ಎಂದು ಗುಡುಗಿದರು.

ಚಾಂಪಿಯನ್ ಆದರೇನು, ಆ ದನಿಗೆ ಅವನಿನ್ನೂ ಎಂಟನೇ ತರಗತಿಯ ಹುಡುಗನೇ. ಯೋಚಿಸುವ ಮೊದಲೇ ಎಡಗಾಲು ಊರಿದ. ಮಂಡಿ ಕೈಕೊಟ್ಟಿತು. ದೇಶದ ಚಾಂಪಿಯನ್ ಕಡಿದ ಮರದಂತೆ ಉರುಳಿದ, ಅವನನ್ನು ಹಿಡಿದುಕೊಂಡಿದ್ದ ಮೇಷ್ಟ್ರು ಅವನ ಮೇಲೆ ಬಿದ್ದರು. ರೆಫರಿ ಮ್ಯಾಟಿಗೆ ಕೈಬಡಿದು ಸೀಟಿ ಊದಿದ.

ಅಂಗಳ ಕಿತ್ತುಹೋಗುವಂಥ ಗದ್ದಲವೆದ್ದಿತು. ವಿಜ್ಞಾನದ ಮೇಡಂ ರಬ್ಬರ್ ಚೀಲ ಎತ್ತಿ ಎಲ್ಲರಿಗೂ ತೋರಿಸಿದರು. ಆಯ್ಕೆ ಸಮಿತಿಯ ಹಿರಿಯರು ಮಾತ್ರ ಮುಖ ಗಂಟಿಕ್ಕಿಕೊಂಡು ವೇದಿಕೆಯಿಂದ ಇಳಿದು ಬಂದರು. ಪೈಲ್ವಾನನ ಮುಖ ಬಿಳಿಚಿಕೊಂಡಿತು. ಅವನ ಅನ್ನಕ್ಕೆ ತನ್ನಿಂದ ಕಲ್ಲು ಬಿತ್ತೆಂದು ಮೇಷ್ಟ್ರಿಗೆ ಅನ್ನಿಸಿತು. ಮರ್ಯಾದೆ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ, ಹೆಡ್‌ಮಿಸ್ ಎದುರಿಗೇ ಬಾಯಿಬಿಟ್ಟರು.

“ಸ್ವಾಮಿ, ಹುಡುಗನದು ತಪ್ಪಿಲ್ಲ. ನನಗೆ ಕುಸ್ತಿ ಬರಲ್ಲ. ಯಾವತ್ತೂ ಆಡಿದವನೇ ಅಲ್ಲ.”

ಹಿರಿಯರ ಮುಖದ ಗಂಟು ಸಡಿಲವಾಯಿತು. ಕಣ್ಣು ಒದ್ದೆಯಾಯಿತು.

“ನೋಡಿದ್ರಾ ಮೇಡಂ,” ಎಂದರು ಹೆಡ್‌ಮಿಸ್ ಕಡೆ ತಿರುಗಿ. “ಚಾಂಪಿಯನ್‌ನ ಕೆಡವಿ ಬಂದು ನನಗೆ ಕುಸ್ತಿ ಬರಲ್ಲ ಅಂತಾರೆ. ನಾನು ನಲವತ್ತು ವರ್ಷದಲ್ಲಿ ಇಂಥ ವಿನಯ ನೋಡಿಲ್ಲ.”

ಆಮೇಲಿನದನ್ನು ಅವರು ಅಲ್ಲೇ ನಿಂತು ತೀರ್ಮಾನಿಸಿದರು. ಹುಡುಗನ ದೋಷ ಎಲ್ಲಿದೆ ಎಂದು ದೇಶದಲ್ಲಿ ಒಬ್ಬರಿಗೇ ಗೊತ್ತಿದೆ. ಆದ್ದರಿಂದ ತಂಡದ ಮುಂದಿನ ದೊಡ್ಡ ಪಂದ್ಯದ ತನಕ, ಮೂರು ತಿಂಗಳು, ಪೈಲ್ವಾನ ಮೇಷ್ಟ್ರ ಮನೆಯಲ್ಲೇ ಇರಬೇಕು. ದಿನಾ ಬೆಳಿಗ್ಗೆ ಎರಡು ಗಂಟೆ ಮೇಷ್ಟ್ರೇ ಮ್ಯಾಟಿಗಿಳಿದು ಅವನೊಡನೆ ಆಡಬೇಕು. ಹೆಡ್‌ಮಿಸ್ ಚಪ್ಪಾಳೆ ತಟ್ಟಿದರು.

ಸಂಜೆ ಇಬ್ಬರೂ ಕುಂಟುತ್ತ ಮನೆಯ ಕಡೆ ನಡೆದರು, ಒಬ್ಬ ಮಂಡಿಯಿಂದ, ಒಬ್ಬರು ಸೊಂಟದಿಂದ. ಪೈಲ್ವಾನನ ಮುಖ ಅರಳಿತ್ತು. ತಂಡದಲ್ಲಿ ಜಾಗ ಉಳಿಯಿತು, ಕಾಲಿಗೂ ವಿಶ್ರಾಂತಿ ಸಿಕ್ಕಿತು, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದ.

“ಮೂರು ವಾರದಲ್ಲಿ ಮಂಡಿ ಪೂರ್ತಿ ಸರಿಯಾಗುತ್ತೆ ಅಂದಿದ್ದಾರೆ ಡಾಕ್ಟ್ರು,” ಎಂದ. “ಆಮೇಲೆ ಎರಡು ತಿಂಗಳಿಗಿಂತ ಜಾಸ್ತಿ ಟೈಮಿದೆ ಸರ್. ನಿಜವಾಗ್ಲೂ ಆಡೋಣ. ನಿಮ್ಮ ಜೊತೆ ಒಂದ್ಸಲ ಆಡಬೇಕು ಅಂತ ಚಿಕ್ಕಂದಿನಿಂದ ಆಸೆ ನಂಗೆ.”

ಮೇಷ್ಟ್ರು ಬಗ್ಗಿ ಅವನ ಮಂಡಿಯನ್ನೊಮ್ಮೆ ನೋಡಿದರು.

“ಆ ಡಾಕ್ಟ್ರು ಒಳ್ಳೆಯವರೇನಪ್ಪಾ?” ಎಂದು ಕೇಳಿದರು.

“ತುಂಬಾ ಒಳ್ಳೆಯವರು ಸರ್. ಅವರು ಹೇಳಿದ್ದು ಒಂದಿನ ಆಚೆ ಈಚೆ ಆಗಲ್ಲ.”