ಮೂರನೆಯ ಮಹಡಿಯ ಹೆರಿಗೆ ಕೋಣೆಯಿಂದ ಶಾಸಕರಿಗೆ

ಪರಮಮಾನ್ಯ ಆಡಳಿತ ಪಕ್ಷದ ಶಾಸಕರಿಗೂ, ಅವರಿಗಿಂತ ಕೂದಲೆಳೆಯಷ್ಟೂ ಕಡಿಮೆ ಮಾನ್ಯರಲ್ಲದ ವಿರೋಧ ಪಕ್ಷದ ಶಾಸಕರಿಗೂ, ಸರ್ಕಾರಿ ಹೆರಿಗೆ ಆಸ್ಪತ್ರೆಯ ಹಿರಿಯ ದಾದಿಯೊಬ್ಬಳು ನೋಯುವ ಸೊಂಟ ಬಾಗಿದಷ್ಟು ಬಾಗಿ ಮಾಡುವ ನಮಸ್ಕಾರಗಳು.

ಬಜೆಟ್ ಅಂಗೀಕಾರವಾಗದೆ ನಾಲ್ಕು ತಿಂಗಳಾಯಿತೆಂದು ಪತ್ರಿಕೆಯವರು ತಮ್ಮನ್ನು ದೂರುತ್ತಿರುವುದನ್ನು ಕಂಡು ಬಹಳ ನೋವಾಯಿತು. ಒಬ್ಬರು ತಂದ ಕಡತವನ್ನು ಇನ್ನೊಬ್ಬರು ಹರಿಯುವುದು, ಹರಿದವರನ್ನು ಹೊರಗೆ ಹಾಕುವುದು, ಹೊರಬಿದ್ದವರು ಬಾಗಿಲಲ್ಲೇ ಧರಣಿ ಕೂರುವುದು, ಇಷ್ಟೆಲ್ಲ ಶ್ರಮದ ನಡುವೆ ಬಜೆಟ್‌ನಂಥ ಚಿಲ್ಲರೆ ಕೆಲಸಕ್ಕೆ ಬಿಡುವೆಲ್ಲಿ?

ನಮ್ಮ ಲಿಫ್ಟ್ ಕೂಡ ತಮ್ಮಷ್ಟೇ ದೃಢನಿಶ್ಚಯದಿಂದ ಅಂದಿನಿಂದ ನಿಂತಲ್ಲೇ ನಿಂತಿದೆ. ರಿಪೇರಿಗೆ ಮಂಜೂರಾತಿ ಬೇಕು, ಮಂಜೂರಾತಿಗೆ ಬಜೆಟ್ ಆಗಬೇಕು, ಬಜೆಟ್ ಆಗಲು ತಾವು ಒಬ್ಬರ ಮುಖ ಒಬ್ಬರು ನೋಡಬೇಕು. ಹೆರಿಗೆ ಕೋಣೆ ಮೂರನೆಯ ಮಹಡಿಯಲ್ಲಿದೆ.

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬೇಕರಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ನೋವು ತಿನ್ನುತ್ತ ಬಂದಳು. ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಾವಲುಗಾರ, ಅವಳ ಗಂಡ, ನಾನು, ಮೂವರೂ ಹೊತ್ತು ಹೊರಟೆವು. ಎರಡನೆಯ ಮಹಡಿ ದಾಟಿದ ಮೇಲೆ ಅವಳು ನನ್ನ ತೋಳು ಹಿಡಿದು, "ಅಕ್ಕಾ, ಇನ್ನೆಷ್ಟು ಮೆಟ್ಟಿಲು?" ಎಂದಳು. "ಹತ್ತೇ ಕಣಮ್ಮ, ತಡ್ಕೋ" ಎಂದೆ. ಇಪ್ಪತ್ತೆರಡಿದ್ದವು. ಸುಳ್ಳು ಭರವಸೆ ಕೊಡುವ ಹಕ್ಕು ತಮಗೇ ಮೀಸಲೆಂದು ಗೊತ್ತಿದ್ದೂ ಹಾಗೆಂದದ್ದಕ್ಕೆ ಕ್ಷಮೆಯಿರಲಿ.

ಮಗು ಕಾಯಲಿಲ್ಲ. ಮೆಟ್ಟಿಲು ತಿರುಗುವ ಜಾಗದಲ್ಲಿ, ಕಾವಲುಗಾರ ಬಿಚ್ಚಿ ಹಾಸಿದ ಖಾಕಿ ಅಂಗಿಯ ಮೇಲೆ ಹುಟ್ಟಿತು, ಹುಟ್ಟಿ ಅಳಲಿಲ್ಲ. ಬೆನ್ನುಜ್ಜಿದೆ, ಅಂಗಾಲು ತಟ್ಟಿದೆ, ಬಾಯಿಗೆ ಬಾಯಿಟ್ಟು ಉಸಿರೂದಿದೆ. ಗಂಡ ಗೋಡೆಯ ಕಡೆ ತಿರುಗಿ ನಿಂತಿದ್ದ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಕಲಿತದ್ದನ್ನೆಲ್ಲ ಮತ್ತೆ ಮೊದಲಿನಿಂದ ಮಾಡಿದೆ. ಕೊನೆಗೆ ಕೂಸು ಒಮ್ಮೆ ಕೆಮ್ಮಿ, ತಮ್ಮ ಸದನವೂ ನಾಚುವಂತೆ ಕಿರುಚಿತು. ಕಾವಲುಗಾರ ಬನಿಯನ್ನಿನಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಆದ್ದರಿಂದ ನನ್ನ ಅರಿಕೆಯೇನೆಂದರೆ, ಮುಂದಿನ ಅಧಿವೇಶನವನ್ನು ದಯಮಾಡಿ ನಮ್ಮ ಮೆಟ್ಟಿಲ ಮೇಲೆ ನಡೆಸಿ. ಆಡಳಿತದವರು ಒಂದು ಬದಿ, ವಿರೋಧದವರು ಇನ್ನೊಂದು ಬದಿ. ಕುರ್ಚಿಗಾಗಿ ಕಾದಾಡಿ ಮಾತ್ರ ಅಭ್ಯಾಸವಿರುವ ತಮಗೆ, ಗರ್ಭಿಣಿಯನ್ನು ಕೂರಿಸಿದ ಕುರ್ಚಿಯೊಂದನ್ನು ಹೊತ್ತು ನೋಡುವ ಸುಯೋಗವೂ ಒದಗೀತು. ಅದಾಗದಿದ್ದರೆ, ಬಜೆಟ್ ಆಗುವತನಕ ಯಾರೂ ಹುಟ್ಟಕೂಡದೆಂದು ಒಂದು ಮಸೂದೆ ತನ್ನಿ. ಅದಕ್ಕಾದರೂ ಒಮ್ಮತ ಮೂಡಬಹುದು.

ಮೆಟ್ಟಿಲಿಗಿಷ್ಟರಂತೆ ಕಳೆದು ಉಳಿದಷ್ಟು ವಿಶ್ವಾಸದೊಂದಿಗೆ,

ತಮ್ಮ ವಿಶ್ವಾಸಿ,
ಹೆರಿಗೆ ವಾರ್ಡಿನ ಹಿರಿಯ ದಾದಿ

ತಾ.ಕ.: ಮಗುವಿನ ಇಬ್ಬರು ಅಜ್ಜಿಯರು ಮಕ್ಕಳ ಮದುವೆಯ ದಿನವೇ ಮಾತು ಬಿಟ್ಟವರು. ಹೆಸರಿನ ವಿಷಯಕ್ಕೆ ವಾರ್ಡಿನಲ್ಲೇ ಜಗಳಕ್ಕೆ ನಿಂತಿದ್ದರು. ಬಾಣಂತಿಗೆ ಚಳಿ ಹತ್ತಿದ್ದು ಕಂಡದ್ದೇ ತಡ, ಒಬ್ಬರು ಕಂಬಳಿ ಹೊದಿಸಿದರು, ಇನ್ನೊಬ್ಬರು ಮಗುವನ್ನೆತ್ತಿಕೊಂಡರು, ಅರ್ಧ ಗಂಟೆಯಲ್ಲಿ ಒಂದೇ ಹೆಸರಿಗೆ ಒಪ್ಪಿದರು. ಬೇಕಿದ್ದರೆ ಇಬ್ಬರನ್ನೂ ಸದನಕ್ಕೆ ಕಳುಹಿಸಿಕೊಡುತ್ತೇನೆ. ಭತ್ಯೆ ಬೇಡವಂತೆ.